ಹಿತ್ತಲಿಗೆ ಫರಸಿ ಹಾಕಿಲ್ಲ

ವಿಜಯಪುರ
೨೧ ಡಿಸೆಂಬರ್ ೨೦೨೫, ರವಿವಾರ

ಪ್ರೀತಿಯ ಅತ್ತೆಯವರಿಗೆ,

ಸೊಸೆ ಮಹಾನಂದಾ ನಿಮ್ಮ ಪಾದ ಮುಟ್ಟಿ ಬರೆಯುವುದೇನೆಂದರೆ, ನಾವೆಲ್ಲ ಆರಾಮ ಇದ್ದೇವೆ. ನಿಮ್ಮ ಕಾಲು ಈಗ ಹೇಗಿದೆ? ಮುಂಜಾನೆ ಎದ್ದಾಗ ಸೊಂಟ ಹಿಡಿಯುವುದು ಕಡಿಮೆಯಾಯಿತೋ ಇಲ್ಲವೋ? ಕೋಲು ಹಿಡಿದು ಗುಡಿಯ ತನಕ ನಡೆದು ಬರುತ್ತೀರಿ ಎಂದು ಲಲಿತಕ್ಕ ಹೇಳಿದಾಗ ಕಣ್ಣಲ್ಲಿ ನೀರು ಬಂತು. ಆದರೆ ಊಟಕ್ಕೆ ಅರ್ಧ ರೊಟ್ಟಿ ತಿಂದು ತಾಟು ಸರಿಸುತ್ತೀರಂತೆ. ಇದೆಂಥ ಹಟ ಅತ್ತೆಯವರೇ? ಎರಡು ರೊಟ್ಟಿ ಮುಗಿಸಿ ಮೂರನೆಯದಕ್ಕೆ ಚಟ್ನಿ ಹಿಂಡಿ ಕೇಳುತ್ತಿದ್ದವರು ನೀವು. ಮಗಳ ಮನೆಯಲ್ಲಿ ನಾಚಿಕೆಯೋ, ಇಲ್ಲ ಬೇರೆ ಏನೋ ಇದೆಯೋ ನನಗೆ ಗೊತ್ತು. ಅದಕ್ಕೇ ಈ ಪತ್ರ.

ಇದನ್ನು ಲಲಿತಕ್ಕನ ಕೈಯಲ್ಲಿ ಓದಿಸಬೇಡಿ. ನಾಲ್ಕನೇ ಇಯತ್ತೆ ಕಲಿತವರು ನೀವು; ಅಕ್ಷರ ದಪ್ಪ ದಪ್ಪ ಬರೆದಿದ್ದೇನೆ, ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ. ಫೋನಿನಲ್ಲಿ ಹೇಳೋಣವೆಂದರೆ ಅಲ್ಲಿ ಲಲಿತಕ್ಕ ಸ್ಪೀಕರ್ ಹಾಕಿ ಹಿಡಿದಿರುತ್ತಾರೆ, ಇಲ್ಲಿ ನಿಮ್ಮ ಮಗ ಎದುರಿಗೇ ಕೂತಿರುತ್ತಾರೆ. ಪಕ್ಕದ ಮನೆಯ ಮುಮತಾಜಳ ಮಗಳು ಮಿನಾಜ ಈಗ ನೀವಿರುವ ಬಬಲೇಶ್ವರದ ಸಾಲೆಯಲ್ಲಿ ಟೀಚರು, ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ನಾಳೆ ಅವಳೇ ಬಂದು ಈ ಪತ್ರವನ್ನೂ ಒಂದು ಚೀಲವನ್ನೂ ನಿಮ್ಮ ಕೈಗೇ ಕೊಡುತ್ತಾಳೆ. ಚೀಲದಲ್ಲಿ ನಾಲ್ಕು ಬದನೆಕಾಯಿ, ಒಂದು ಸೂಡು ಮೆಂತ್ಯ, ಆರು ನಿಂಬೆಹಣ್ಣು ಇವೆ. ಪ್ಯಾಟೆಯವು ಎಂದು ತಿಳಿಯಬೇಡಿ. ನಿಮ್ಮವು. ನಿಮ್ಮ ಹಿತ್ತಲಿನವು.

ಹೌದು ಅತ್ತೆಯವರೇ, ದೀಪಾವಳಿಯಲ್ಲಿ ನಿಮ್ಮ ಮಗ ಫೋನಿನಲ್ಲಿ ಹೇಳಿದ್ದು ಸುಳ್ಳು. "ಗಿಡಾ ಎಲ್ಲಾ ಒಣಗಿ ಹ್ವಾದು ಯವ್ವಾ, ನೆಲಕ್ಕೆಲ್ಲಾ ಫರಸಿ ಕಲ್ಲ ಹಾಕಿಸೇನಿ, ನೀ ಇನ್ನ ಅದರ ಚಿಂತಿ ಬಿಡು" ಎಂದರಲ್ಲ, ಆಗ ಅವರ ಬೆನ್ನ ಹಿಂದೆ, ಬಾಗಿಲಾಚೆ, ಹೀರೇಬಳ್ಳಿ ಹೂ ಬಿಟ್ಟು ನಿಂತಿತ್ತು. ನಾನು ಅಲ್ಲೇ ಇದ್ದೆ. ಬಾಯಿ ತೆಗೆಯಲಿಲ್ಲ. ಆವತ್ತಿನಿಂದ ನೀವು ಗಿಡದ ಸುದ್ದಿ ಕೇಳುವುದನ್ನೇ ಬಿಟ್ಟಿರಿ, ಫೋನಿನಲ್ಲಿ ಏನು ಹೇಳಿದರೂ ಬರೀ "ಹೂಂ". ಆ ಹೂಂ ಕೇಳಿ ಕೇಳಿ ನನಗೆ ಸಾಕಾಗಿದೆ. ನಿಮ್ಮ ಮಗನದು ಕೆಟ್ಟ ಮನಸ್ಸಲ್ಲ, ಅದನ್ನೂ ಹೇಳಬೇಕು. ಶ್ರಾವಣದಲ್ಲಿ ನೀವು ಕೊಡ ಹೊತ್ತು ಜಾರಿ ಬಿದ್ದ ದಿನದಿಂದ ಅವರಿಗೆ ಹಿತ್ತಲ ಬಾಗಿಲು ಕಂಡರೆ ಸಿಟ್ಟು. "ಈ ಹಿತ್ತಲದಿಂದನ ಅವ್ವನ ಕಾಲ ಮುರದೈತಿ, ಇದನ್ನ ಇಡೂದಿಲ್ಲ ನಾ" ಎನ್ನುತ್ತಾರೆ. ಹಿತ್ತಲು ಇರದಿದ್ದರೆ ನೀವು ಕೊಡ ಹೊರುವುದಿಲ್ಲ, ಕೊಡ ಹೊರದಿದ್ದರೆ ಬೀಳುವುದಿಲ್ಲ. ಮತ್ತೆ ಇಲ್ಲಿಗೆ ಬಂದರೆ ನೀವು ಸುಮ್ಮನೆ ಕೂರುವವರಲ್ಲವಾದ್ದರಿಂದ ಲಲಿತಕ್ಕನ ಮನೆಯಲ್ಲೇ ಇದ್ದುಬಿಡಬೇಕಂತೆ. ಇದು ಅಕ್ಕ ತಮ್ಮ ಕೂಡಿ ಮಾಡಿದ ನಿರ್ಣಯ. ನಿಮ್ಮನ್ನು ಯಾರೂ ಕೇಳಲಿಲ್ಲ. ನನ್ನನ್ನು ಕೇಳುವ ಮಾತಂತೂ ಇಲ್ಲವೇ ಇಲ್ಲ.

ನೀವು ನಗುತ್ತಿರಬಹುದು, ಇವಳಿಗೆ ಯಾವಾಗಿನಿಂದ ಹಿತ್ತಲ ಮೇಲೆ ಪ್ರೀತಿ ಹುಟ್ಟಿತು ಎಂದು. ನಗಿ. ಹಪ್ಪಳ ಒಣಗಿಸಲು ಅಲ್ಲಿ ಫರಸಿ ಹಾಕಿಸಿರೆಂದು ಹತ್ತು ವರ್ಷದ ಹಿಂದೆ ಗಂಟು ಬಿದ್ದಿದ್ದವಳು ನಾನೇ. ಹದಿನಾರು ವರ್ಷದಲ್ಲಿ ನಮ್ಮಿಬ್ಬರಿಗೆ ಆದ ಜಗಳವೆಲ್ಲ ನೀರಿನದು. ನನ್ನ ತವರಿನವರು ಬಂದರೂ ನಿಂಬೆಗಿಡದ ಬುಡದ ಕಲ್ಲಿನ ಮೇಲೇ ಜಳಕ ಮಾಡಬೇಕು, ಬ್ಯಾಳೆ ತೊಳೆದ ನೀರು ಕರಿಬೇವಿಗೆ, ಬೀಗರು ಕುಡಿದು ಬಿಟ್ಟ ಲೋಟದ ನೀರು ಪಪ್ಪಾಯಿಗೆ. "ಚೆಲ್ಲಬ್ಯಾಡ ಬೇ, ಅದಕ್ಕೂ ಬಾಯಿ ಐತಿ" ಎಂದು ನೀವು ಎಲ್ಲರೆದುರು ಕೂಗಿದಾಗ ನನಗೆ ನಾಚಿಕೆಯಿಂದ ಸಾಯುವ ಹಾಗಾಗುತ್ತಿತ್ತು. ಅರಕೇರಿಯ ಹೊಲ ಬಿಟ್ಟು ಬಂದವರು, ಹಾರೆ ಹಾಕಿದರೆ ಕಿಡಿ ಏಳುವ ಈ ಗರಸು ನೆಲದಲ್ಲಿ ಇಪ್ಪತ್ತು ಅಡಿ ಜಾಗ ಹಿಡಿದುಕೊಂಡು ಯಾಕಿಷ್ಟು ಒದ್ದಾಡುತ್ತಾರೆ ಎಂದುಕೊಳ್ಳುತ್ತಿದ್ದೆ.

ಈಗ ನಾನೇ ಒದ್ದಾಡುತ್ತಿದ್ದೇನೆ. ನೀವು ಹೋದ ಮೇಲೆ ಮೊದಲ ವಾರ ಸುಮ್ಮನೆ ನೋಡುತ್ತ ಕೂತೆ, ಎರಡನೇ ವಾರ ಮನಸ್ಸು ತಡೆಯಲಿಲ್ಲ. ಒಂದು ದಡ್ಡತನ ಮಾಡಿದೆ, ಹೇಳಿಬಿಡುತ್ತೇನೆ. ಬದನೆಸಾಲಿನಲ್ಲಿ ನೀವು ಕುತ್ತಿಗೆಯ ತನಕ ಹೂಳಿದ ಗಡಿಗೆಗಳಿವೆಯಲ್ಲ, ನೀರು ತುಂಬಿ ಬಾಯಿಗೆ ಕಲ್ಲು ಮುಚ್ಚಿಟ್ಟರೆ ಸುತ್ತಲಿನ ಬೇರಿಗೆ ಸಾವಕಾಶ ಇಳಿಯುವವು, ಅವುಗಳಲ್ಲಿ ಮೂರು ಒಡೆದಿದ್ದವು. ಗೋಳಗುಮ್ಮಟದ ಹತ್ತಿರ ಹೊಸ ಗಡಿಗೆ ಮಾರಲು ಇಟ್ಟಿದ್ದರು, ಕೆಂಪು ಬಣ್ಣ ಬಳಿದು ಬಿಳಿ ಬಳ್ಳಿ ಬರೆದಿದ್ದವು. ಚೆಂದ ಕಂಡವು, ತಂದು ಹೂಳಿದೆ. ಹತ್ತು ದಿನ ಕಲ್ಲು ಸರಿಸಿ ನೋಡಿದರೂ ನೀರು ತುಂಬಿದ ಹಾಗೇ ಇದೆ! ಅತ್ತೆ ಸುಮ್ಮಸುಮ್ಮನೆ ನನ್ನಿಂದ ನೀರು ಹೊರಿಸಿದರು, ಗಿಡಗಳಿಗೆ ಇಷ್ಟು ಸಾಕು ಎಂದು ಖುಷಿಪಟ್ಟೆ. ಗಿಡ ಮಾತ್ರ ದಿನಾ ಬಾಡುತ್ತಿತ್ತು. ಹುಳ ಹತ್ತಿತೆಂದು ಬೂದಿ ಹಾಕಿದೆ. ಕೊನೆಗೆ ಮುಮತಾಜ ಗೋಡೆಯ ಮೇಲಿಂದ ಇಣುಕಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಏ ಮಹಾನಂದಾ, ಬಣ್ಣಾ ಬಳದ ಗಡಿಗಿ ಎಲ್ಲರ ಬೆವರತೈತೇನ ಬೇ? ನೀರ ಅದರಾಗ ಕೂತೈತಿ, ಗಿಡಾ ಹೊರಗ ಸಾಯಾಕತ್ತೈತಿ!" ಅವತ್ತೇ ಕಿತ್ತು ಬಣ್ಣವಿಲ್ಲದ ಗಡಿಗೆ ಹೂಳಿದೆ. ಮೂರು ಗಿಡ ಹೋದವು, ಐದು ಉಳಿದವು. ಚೀಲದಲ್ಲಿರುವುದು ಆ ಐದರ ಕಾಯಿ. ಒಂದಕ್ಕೆ ಸ್ವಲ್ಪ ಹುಳ ಬಿದ್ದಿದೆ, ಕೊಯ್ದು ನೋಡಿಕೊಂಡು ಎಣಗಾಯಿ ಮಾಡಿಸಿಕೊಳ್ಳಿ.

ಇನ್ನು ಫರಸಿಯ ವಿಷಯ. ಹೋದ ರವಿವಾರ ಅದು ಖರೇನೇ ಬಂತು. ನಿಮ್ಮ ಮಗ ಕಲ್ಲು ಹಾಸುವ ಗೌಂಡಿ ಗೈಬುಸಾಬನನ್ನು ಕರೆತಂದು "ಈ ಗ್ವಾಡಿಯಿಂದ ಆ ಗ್ವಾಡಿ ತನಕ, ಒಂದ ಬೊಟ್ಟ ಮಣ್ಣ ಕಾಣಬಾರ್ದು" ಎಂದು ಹೇಳಿ ಸೊಲ್ಲಾಪುರ ರಸ್ತೆಯ ತಮ್ಮ ಮೋಟಾರು ರಿಪೇರಿ ಅಂಗಡಿಗೆ ಹೋದರು. ಅವರ ಗಾಡಿಯ ಸದ್ದು ದೂರಾದದ್ದೇ ತಡ, ನಾನು ಹೋಗಿ ಬದನೆಸಾಲಿನ ನಡುವೆ ನಿಂತೆ. ಮೊದಲು ನನ್ನ ಕಾಲ ಮೇಲೆ ಹಾಕು, ಆಮೇಲೆ ಗಿಡದ ಮೇಲೆ ಎಂದೆ. ಪಾಪ, ಗೈಬುಸಾಬ ತಲೆ ಕೆರೆದುಕೊಂಡ. "ಅಕ್ಕಾರ, ಮಾಲಕರು ಹೇಳ್ಯಾರ್ರಿ, ನಾ ಏನ ಮಾಡ್ಲಿ?" "ಯಾವ ಮಾಲಕರು? ಈ ಮನಿ ರಾಚವ್ವನ ಹೆಸರಿಗೆ ಐತಿ. ಬಬಲೇಶ್ವರಕ್ಕ ಹೋಗಿ ಆಕೀನ್ನ ಕೇಳಿ ಬಾ" ಎಂದೆ. ಹದಿನಾರು ವರ್ಷದಲ್ಲಿ ನಿಮ್ಮ ಹೆಸರು ಹಿಡಿದದ್ದು ಅದೇ ಮೊದಲು, ಕ್ಷಮಿಸಿ. ಬಂದ ಕಲ್ಲನ್ನು ತಿರುಗಿ ಕಳಿಸಲಿಲ್ಲ. ಹಿತ್ತಲ ಬಾಗಿಲಿನಿಂದ ಜಳಕದ ಕಲ್ಲಿನ ತನಕ, ಅಲ್ಲಿಂದ ನಿಂಬೆಗಿಡದ ತನಕ, ಒಬ್ಬರು ಕೋಲೂರಿ ನಡೆಯುವಷ್ಟು ಅಗಲ ದಾರಿ ಹಾಕಿಸಿದೆ. ಜಾರಬಾರದೆಂದು ಮೇಲೆಲ್ಲ ಉಳಿಯಿಂದ ಹೊಡೆಸಿ ಒರಟು ಮಾಡಿಸಿದೆ. ಹಿಡಿದುಕೊಳ್ಳಲು ಹಳೇ ಬೋರಿನ ಪೈಪು ನೆಟ್ಟಿದ್ದಾನೆ. ಸಂಜೆ ನಿಮ್ಮ ಮಗ ಬಂದು ನೋಡಿ ಕೂಗಾಡಿ ಮನೆ ಎತ್ತಿಹಾಕಿದರು. "ಅವ್ವ ಮತ್ತ ಬಿದ್ರ ಯಾರ ಜವಾಬ್ದಾರಿ?" ಎಂದರು. ನನ್ನ ಜವಾಬ್ದಾರಿ ಎಂದೆ. ಅವತ್ತು ಅವರು ಉಣ್ಣಲಿಲ್ಲ. ನಾನು ಉಂಡೆ.

ಮೊನ್ನೆ ಶುಕ್ರವಾರ ಎಳ್ಳು ಅಮಾಸೆ. ಹೊಲ ಇದ್ದವರೆಲ್ಲ ಬುತ್ತಿ ಕಟ್ಟಿಕೊಂಡು ಬೆಳೆಗೆ ಚರಗದ ಎಡೆ ಚೆಲ್ಲಲು ಹೋದರು. ನೀವು ಪ್ರತಿ ವರ್ಷ ಈ ಹಿತ್ತಲಲ್ಲೇ, ಇದೂ ಹೊಲವೇ ಎನ್ನುವ ಹಾಗೆ, ಭೂಮಿತಾಯಿಗೆ ಎಡೆ ಇಟ್ಟು ಚೆಲ್ಲುತ್ತಿದ್ದಿರಿ. ಓಣಿಯವರು ನಗುತ್ತಿದ್ದರು, ನಾನೂ ಒಳಗೊಳಗೆ ನಕ್ಕಿದ್ದೇನೆ. ಈ ಸಲ ನಸುಕಿನಲ್ಲೆದ್ದು ಸಜ್ಜೆರೊಟ್ಟಿ, ಕಡುಬು, ಪುಂಡಿಪಲ್ಯ ಮಾಡಿದೆ. ನಾನು ಚೆಲ್ಲುತ್ತ ಮುಂದೆ ನಡೆದೆ, ಮಗಳು ಐಶ್ವರ್ಯ ಹಿಂದಿನಿಂದ ತಂಬಿಗೆಯ ನೀರು ಚಿಮುಕಿಸುತ್ತ ಬಂದಳು. ನಾಲ್ಕು ಮೂಲೆಗೂ ಹೋದೆವು. ಚರಗದ ಕೂಗನ್ನು ಗಟ್ಟಿಯಾಗಿ ಕೂಗಿದೆ ಅತ್ತೆಯವರೇ, ಓಣಿಗೆಲ್ಲ ಕೇಳಲಿ ಎಂದೇ. ನಿಮ್ಮ ಮಗ ಬಾಗಿಲಲ್ಲಿ ಕೈಕಟ್ಟಿ ನಿಂತು ನೋಡಿ ಅಂಗಡಿಗೆ ಹೋದರು. ಮಧ್ಯಾಹ್ನ ಬಂದು ನಾಲ್ಕು ಕಡುಬು ತಿಂದರು. ಅಷ್ಟೇ.

ಪೇರಲಕ್ಕೆ ಗಿಳಿ ಬೀಳುತ್ತಿವೆ, ಏನು ಮಾಡಬೇಕೋ ತಿಳಿಯುತ್ತಿಲ್ಲ. ನುಗ್ಗೆಯ ಟೊಂಗೆ ಯಾವಾಗ ಕಡಿಯಬೇಕು, ಅದೂ ಗೊತ್ತಿಲ್ಲ. ಇದೆಲ್ಲ ಪತ್ರದಲ್ಲಿ ಕೇಳುವ ಮಾತಲ್ಲ. ಲಲಿತಕ್ಕನಿಗೂ ಮನೆಯ ಹಿರಿಯರಿಗೂ ನನ್ನ ನಮಸ್ಕಾರ, ಮಕ್ಕಳಿಗೆ ಮುದ್ದು. ರೊಟ್ಟಿ ಪೂರ್ತಿ ತಿನ್ನಿ. ನಿಮ್ಮ ಕೈ ನನ್ನ ತಲೆಯ ಮೇಲಿರಲಿ.

ನಿಮ್ಮ ಸೊಸೆ,
ಮಹಾನಂದಾ

ತಾ.ಕ. (ಸೋಮವಾರ ಮುಂಜಾನೆ): ಮಿನಾಜ ಬಾಗಿಲಲ್ಲಿ ನಿಂತಿದ್ದಾಳೆ, ಬಸ್ಸಿಗೆ ಹೊತ್ತಾಯಿತು, ಗಡಬಡಿಸಿ ಬರೆಯುತ್ತಿದ್ದೇನೆ. ಬಿದ್ದ ದಿನ ಮುಂಜಾನೆ ನೀವು ನನ್ನನ್ನು ಕರೆದಿದ್ದಿರಿ, "ಒಂದ ಕೊಡಾ ಹೊತ್ತ ಹಾಕ ಬಾರವ್ವಾ, ನನಗ ಆಗವಲ್ದು" ಎಂದು. ಹಿಂದಿನ ದಿನದ ಜಗಳದ ಸಿಟ್ಟಿನಲ್ಲಿದ್ದೆ. "ನಿಮ್ಮ ಗಿಡಾ, ನೀವ ಹಾಕ್ಕೋರಿ" ಎಂದು ಮೊಬೈಲು ನೋಡುತ್ತ ಕೂತೆ. ಆಸ್ಪತ್ರೆಯಲ್ಲಿ ಎಲ್ಲರೂ ಕೇಳಿದರೂ ನೀವು ಇದನ್ನು ಯಾರಿಗೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ನಿನ್ನೆ ರಾತ್ರಿ ನಿಮ್ಮ ಮಗನಿಗೆ ಹೇಳಿದೆ: ಅವ್ವನ ಕಾಲು ಮುರಿದದ್ದು ಹಿತ್ತಲಲ್ಲ, ನಾನು, ಶಿಕ್ಷೆ ಕೊಡುವುದಿದ್ದರೆ ನನಗೆ ಕೊಡಿ, ಅವ್ವನಿಗೂ ಗಿಡಕ್ಕೂ ಬೇಡ. ಅವರು "ನಾಕ ತಿಂಗಳ ಯಾಕ ಹೇಳಲಿಲ್ಲ?" ಎಂದರು. ಹೆದರಿದ್ದೆ ಎಂದೆ. ಈಗ ಹೆದರಿಕೆ ಇಲ್ಲ. ಗುರುವಾರ ಸಾಲೆಗೆ ಸೂಟಿ, ಐಶ್ವರ್ಯಳನ್ನು ಕರೆದುಕೊಂಡು ಗಾಡಿ ಮಾಡಿಕೊಂಡು ಬರುತ್ತೇನೆ. ಲಲಿತಕ್ಕ ಏನೇ ಅನ್ನಲಿ, ನಿಮ್ಮ ಸೀರೆಯ ಗಂಟು ಕಟ್ಟಿಡಿ. ನನ್ನನ್ನು ಅಲ್ಲಿ ಬೈಯಬೇಡಿ. ಮನೆಗೆ ಬಂದು, ನಿಮ್ಮ ಹಿತ್ತಲಲ್ಲಿ ನಿಂತು, ಓಣಿಗೆಲ್ಲ ಕೇಳುವ ಹಾಗೆ ಬೈಯಿರಿ.