ದೊಡ್ಡಾಯಿಯ ಕುರ್ಚಿ ಕೇಳಿದ ಸಂಗತಿ

ಗದಗ,
ಫೆಬ್ರವರಿ ೩೦, ೨೨೪೧

ಎರಡು ಶತಮಾನದ ಹಿಂದೆ ಡಿಗ್ರಿ ಓದುತ್ತಿರುವ ನಿಮಗೆ,

ತಾರೀಖು ತಪ್ಪಾಗಿ ಬಿದ್ದಿಲ್ಲ. ಫೆಬ್ರವರಿಗೆ ಮೊದಲಿನಿಂದಲೂ ಅನ್ಯಾಯವಾಗಿದೆ ಎಂದು ನಮ್ಮ ಹಿರಿಯರು ವರ್ಷವಿಡೀ ಕೂತು ಚರ್ಚಿಸಿ, ಜನವರಿಯ ಕಿಸೆಯಿಂದ ಒಂದು ದಿನ, ಮಾರ್ಚಿನ ಕಿಸೆಯಿಂದ ಒಂದು ದಿನ ತೆಗೆದು ಅದರ ಕೈಗಿಟ್ಟರು. ಆಯುಷ್ಯ ನೂರೈವತ್ತರವರೆಗೆ ಚಾಚಿಕೊಂಡ ಮೇಲೆ ಜನರಿಗೆ ಇಂಥ ಕೆಲಸಗಳಿಗೆಲ್ಲ ಪುರುಸೊತ್ತು ಸಿಗುತ್ತದೆ. ಈ ಪತ್ರದಲ್ಲಿ ನಿಮಗೆ ಪರಿಚಯವಿಲ್ಲದ ಕೆಲವು ಮಾತುಗಳು ಬಂದಾವು, ಕ್ಷಮಿಸಿ. ನಿಮ್ಮ ಮಾತುಗಳೂ ನಮ್ಮನ್ನು ಕಡಿಮೆ ಕಾಡಿಲ್ಲ. 'ಅಟೆಂಡೆನ್ಸ್ ಶಾರ್ಟೇಜ್' ಎಂಬುದು ರೋಗದ ಹೆಸರೋ ಹಬ್ಬದ ಹೆಸರೋ ಎಂದು ನಮ್ಮ ಪ್ರೊಫೆಸರರು ಇಡೀ ಸೆಮಿಸ್ಟರ್ ಪಾಠ ಮಾಡಿ ಕೊನೆಗೆ ಹಬ್ಬವೇ ಇರಬೇಕೆಂದು ಬಿಟ್ಟುಬಿಟ್ಟರು.

ನಿಮ್ಮನ್ನು ಹೇಗೆ ಕರೆಯಬೇಕೆಂಬುದು ಇನ್ನೊಂದು ತೊಡಕು. ನೀವು ನನಗಿಂತ ಎರಡು ನೂರು ವರ್ಷ ಹಿರಿಯರು, ಅದೇ ಹೊತ್ತಿಗೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಿರಿಯರು. ಮುತ್ಯಾ ಎಂದರೆ ನಿಮಗೆ ಸಿಟ್ಟು, ತಮ್ಮಾ ಎಂದರೆ ಇತಿಹಾಸಕ್ಕೆ ಪೆಟ್ಟು. ಆದ್ದರಿಂದ 'ನೀವು' ಎಂದಿಟ್ಟುಕೊಂಡು ಮುಂದೆ ಸಾಗುತ್ತೇನೆ. ನಡುನಡುವೆ ಪ್ರಾಸ ಬಂದರೆ ಸಹಿಸಿಕೊಳ್ಳಿ, ಅದು ನಮ್ಮ ಮನೆತನದ ಕಾಯಿಲೆ.

ನನ್ನ ಹೆಸರು ಗುರುಶಾಂತ ಹೊಂಬಳ. ವಯಸ್ಸು ನಲವತ್ತನಾಲ್ಕು. ಕನ್ನಡ ಮಾಧ್ಯಮದಲ್ಲಿ ಬಿ.ಎ. ಈಗಷ್ಟೇ ಮುಗಿಸಿದ್ದೇನೆ. ನಾನು ಫೇಲಾಗಿ ಫೇಲಾಗಿ ಇಲ್ಲಿಗೆ ಬಂದವನಲ್ಲ. ನಮ್ಮಲ್ಲಿ ಕಾಲೇಜಿಗೆ ಸೇರುವ ವಯಸ್ಸೇ ಇದು. ಶಾಲೆ ಮುಗಿದ ಮೇಲೆ ನಲವತ್ತರವರೆಗೆ ಎಲ್ಲರೂ 'ಮೊದಲ ದುಡಿಮೆ' ಮಾಡುತ್ತಾರೆ, ಅಂದರೆ ಊರಿಗೆ ಬೇಕಾದ, ಯಾರಿಗೂ ಬೇಡವಾದ ಕೆಲಸಗಳು. ನಾನು ಕಪ್ಪತಗುಡ್ಡದ ಗಾಳಿಯಂತ್ರಗಳ ರೆಕ್ಕೆ ಒರೆಸುತ್ತಿದ್ದೆ. ಗಾಳಿ ಬಿಟ್ಟ ಕಡೆ ಧೂಳು, ಧೂಳು ಬಿಟ್ಟ ಕಡೆ ಗಾಳಿ, ನಡುವೆ ಹಗ್ಗಕ್ಕೆ ಜೋತುಬಿದ್ದ ನನ್ನ ಬಾಳು. ಅಲ್ಲಿ ಮಾತಾಡಲು ಯಾರೂ ಇಲ್ಲದ್ದರಿಂದ ಪ್ರಾಸ ಕಟ್ಟುವ ಚಟ ಬಲಿಯಿತು.

ಕಾಲೇಜಿನ ದಿನಚರಿ ಕೇಳಿದರೆ ನಿಮಗೆ ಅಷ್ಟೇನೂ ಹೊಸದೆನಿಸದು. ಬೆಳಿಗ್ಗೆ ಹಾಸ್ಟೆಲ್ಲಿನ ಮೆಸ್ಸಿನಲ್ಲಿ ರೊಟ್ಟಿ, ಪುಂಡಿಪಲ್ಯ. ರೊಟ್ಟಿ ಬಡಿಯುವುದು ಯಂತ್ರವೇ ಆದರೂ ಬೈಯುವುದಕ್ಕೆ ಮಾತ್ರ ಮನುಷ್ಯನೊಬ್ಬನನ್ನು ಇಟ್ಟಿದ್ದಾರೆ. ಬೈಗುಳವಿಲ್ಲದ ಊಟ ಹುಡುಗರ ಮೈಗೆ ಹತ್ತುವುದಿಲ್ಲವಂತೆ. ಹತ್ತು ಗಂಟೆಗೆ ಕ್ಲಾಸು. ನಮ್ಮೆಲ್ಲರ ಕಿವಿಯಲ್ಲೂ ಎಳ್ಳುಕಾಳಿನಷ್ಟು ದೊಡ್ಡದೊಂದು 'ಕಿವಿಗುರು' ಇರುತ್ತದೆ, ಜಗತ್ತಿನಲ್ಲಿ ಬರೆದಿಟ್ಟದ್ದನ್ನೆಲ್ಲ ಅದು ಉಸುರುತ್ತದೆ. ಆದ್ದರಿಂದ ಪರೀಕ್ಷೆಯಲ್ಲಿ ಕಿವಿಗುರುವಿಗೆ ಗೊತ್ತಿಲ್ಲದ್ದನ್ನೇ ಕೇಳುತ್ತಾರೆ. 'ನಿಮ್ಮ ಮನೆಯ ಮುಂದಿನ ಬೇವಿನ ಮರ ಯಾಕೆ ಬಾಗಿದೆ?' ಎಂಬುದು ಕಳೆದ ವರ್ಷದ ಕಡ್ಡಾಯ ಪ್ರಶ್ನೆ. ನನ್ನ ಪಕ್ಕದ ಬೆಂಚಿನ ಫಕ್ಕೀರಗೌಡ ನನಗಿಂತ ಹದಿನೇಳು ವರ್ಷ ದೊಡ್ಡವನು, ಇದು ಅವನ ಮೂರನೇ ಡಿಗ್ರಿ. 'ನಮ್ಮ ಮನಿ ಮುಂದ ಮರ ಇಲ್ಲ, ನಮ್ಮಪ್ಪ ಬಾಗ್ಯಾನ' ಎಂದು ಬರೆದು, ಬಾಗಿದ್ದೇಕೆಂದು ಆರು ಪುಟ ವಿವರಿಸಿ, ಮೊದಲ ದರ್ಜೆಯಲ್ಲಿ ಪಾಸಾದ.

ನಿಮಗೆ ಹೊಸದೆನಿಸುವುದು ಮುಂದಿನ ಮಾತು. ಯಾರೂ ಬೇಗ ಸಾಯದ ಲೋಕದಲ್ಲಿ ಯಾವ ಕುರ್ಚಿಯೂ ತಾನಾಗಿ ಖಾಲಿಯಾಗುವುದಿಲ್ಲ. ಅದಕ್ಕೇ ನಮ್ಮಲ್ಲಿ 'ಕೇಳಿಕೆ' ಮತ್ತು 'ಏಳಿಕೆ' ಎಂಬ ಎರಡು ಶಾಸ್ತ್ರಗಳಿವೆ. ನಿಮಗೆ ಯಾವ ಉದ್ಯೋಗ ಬೇಕೋ ಅದರಲ್ಲಿ ಈಗ ಕೂತಿರುವವರ ಮುಂದೆ ಹೋಗಿ, ಕಂಕುಳಲ್ಲಿ ಸುತ್ತಿಕೊಂಡು ಹೋದ ಚಾಪೆ ಹಾಸಿ ಕೂತು, ಬಾಯಿ ಬಿಟ್ಟು ಕೇಳಬೇಕು. ಇದು ಕೇಳಿಕೆ. ಅವರು ಒಪ್ಪಿದರೆ ಗೊತ್ತಾದ ದಿನ ಎದ್ದು ಕುರ್ಚಿ ಬಿಟ್ಟುಕೊಡುತ್ತಾರೆ. ಇದು ಏಳಿಕೆ. ಒಪ್ಪದಿದ್ದರೆ ಚಾಪೆ ಸುತ್ತಿಕೊಂಡು ಬರಬೇಕು, ಅದರಲ್ಲಿ ಅವಮಾನವಿಲ್ಲ. ಆದರೆ ಯಾರೂ ಕೇಳದೆ ಒಬ್ಬರು ತಾವಾಗಿಯೇ ಎದ್ದುಬಿಟ್ಟರೆ, ಆ ಉದ್ಯೋಗ ಯಾರಿಗೂ ಬೇಡವಾಗಿದೆ ಎಂದರ್ಥ, ಅದನ್ನು ಶಾಶ್ವತವಾಗಿ ಮುಚ್ಚುತ್ತಾರೆ. ಇತ್ತ, ಡಿಗ್ರಿ ಮುಗಿಯುವುದರೊಳಗೆ ಕೇಳಿಕೆ ಮಾಡದ ವಿದ್ಯಾರ್ಥಿ ಮತ್ತೆ ಹತ್ತು ವರ್ಷ ಮೊದಲ ದುಡಿಮೆಗೆ ಹೋಗಬೇಕು. ನನ್ನ ಪಾಲಿಗೆ ಅದು ಗುಡ್ಡ, ಹಗ್ಗ, ರೆಕ್ಕೆ.

ನನಗೆ ಬೇಕಾಗಿದ್ದದ್ದು ಒಂದೇ ಒಂದು ಕೆಲಸ. ಗದಗಿನ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸು ಕೂಗುವುದು. ನಮ್ಮ ಬಸ್ಸಿಗೆ ಗಾಲಿಯಿಲ್ಲ, ನೆಲದಿಂದ ಗೇಣೆತ್ತರ ತೇಲಿ ಬರುತ್ತದೆ, ಆದರೂ ತಡವಾಗಿ ಬರುವುದನ್ನು ಮಾತ್ರ ಬಿಟ್ಟಿಲ್ಲ. ಕೂಗಲು ಯಂತ್ರ ತಂದು ನೋಡಿದರು. ಜನ ಒಪ್ಪಲಿಲ್ಲ. ಜನ್ಮದಲ್ಲಿ ಒಮ್ಮೆಯೂ ಬಸ್ಸು ತಪ್ಪಿಸಿಕೊಳ್ಳದವರ ಮಾತನ್ನು ನಂಬುವುದು ಹೇಗೆ ಎಂದರು. ಹಾಗಾಗಿ ಮೈಕಿನ ಮುಂದೆ ಇಂದಿಗೂ ಮನುಷ್ಯರೇ. ಗದಗಿನಲ್ಲಿ ಆ ಕುರ್ಚಿಯ ಮೇಲೆ ತೊಂಬತ್ತು ವರ್ಷದಿಂದ ಕೂತಿರುವುದು ನೀಲಗಂಗವ್ವ, ನನ್ನ ಅಜ್ಜಿಯ ತಾಯಿ. ನಾವೆಲ್ಲ ಅವಳನ್ನು ದೊಡ್ಡಾಯಿ ಎನ್ನುತ್ತೇವೆ. ಅವಳು ಬಸ್ಸುಗಳನ್ನು ಪ್ರಾಸದಲ್ಲೇ ಕೂಗುತ್ತಾಳೆ. ಕಾಯಿಲೆಯ ಮೂಲ ನಿಮಗೀಗ ತಿಳಿದಿರಬೇಕು.

ಮನೆಯಲ್ಲಿ ನಾನೊಮ್ಮೆ ಬಾಯಿಬಿಟ್ಟೆ. ಅವ್ವ ರೊಟ್ಟಿ ಮುರಿಯುವ ಕೈ ನಿಲ್ಲಿಸಿದಳು.

"ಅಕಿನ್ನ ಏಳು ಅಂತೀ ಏನೋ? ನಾಲಿಗಿ ಹೆಂಗರ ಬಂತು ನಿನಗ? ಆ ಮೈಕ ಅಂದ್ರ ಅಕಿ ಜೀವ."

"ಹಂಗಂದ್ರ ನಾ ಏನ್ ಮಾಡ್ಲಿ ಬೇ?"

"ಏನ್ ಅವಸರೈತಿ? ನಲವತ್ನಾಕಂದ್ರ ಇನ್ನೂ ಎಳೀ ಸೌತಿಕಾಯಿ. ಮತ್ತೊಂದು ಊರಾಗ ಕೇಳು."

ಅವ್ವನ ಮಾತು ನನಗೆ ಸರಿಯೆನಿಸಿತು. ಪ್ರೀತಿಯಿಂದ ಆಡಿದ ಮಾತು ಬಹಳ ಸಲ ಸರಿಯೆನಿಸಿಬಿಡುತ್ತದೆ. ಅಣ್ಣಿಗೇರಿಯ ನಿಲ್ದಾಣದಲ್ಲಿ ಕೂಗುವವರೊಬ್ಬರು ಏಳಲು ತಯಾರಿದ್ದಾರೆಂಬ ಸುದ್ದಿಯಿತ್ತು. ಪರೀಕ್ಷೆಗೆ ಸ್ವಲ್ಪವೇ ದಿನ ಉಳಿದಿರುವಾಗ, ಒಂದು ಬೆಳಿಗ್ಗೆ ಚಾಪೆ ಸುತ್ತಿಕೊಂಡು, ತಲೆಗೆ ಟವೆಲು ಹೊದ್ದುಕೊಂಡು, ದೊಡ್ಡಾಯಿಯ ಕಣ್ಣಿಗೆ ಬೀಳದಂತೆ ಗದಗ ನಿಲ್ದಾಣಕ್ಕೆ ಹೋಗಿ ಅಣ್ಣಿಗೇರಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತೆ. ನಾಲ್ಕು ಅಡಿ ಉದ್ದದ ಚಾಪೆಯನ್ನು ಟವೆಲಿನಿಂದ ಮುಚ್ಚಲಾಗುವುದಿಲ್ಲ ಎಂಬುದನ್ನು ಕಿವಿಗುರುವೂ ಹೇಳಿರಲಿಲ್ಲ. ಮೈಕು ಗೊರಗುಟ್ಟಿತು. ಇಡೀ ನಿಲ್ದಾಣಕ್ಕೆ ಕೇಳುವಂತೆ ದೊಡ್ಡಾಯಿಯ ದನಿ ಎದ್ದಿತು.

"ಅಣ್ಣಿಗೇರಿ ಗಾಡಿ ನಿಂತೈತಿ ಮೂರನೇ ಕಟ್ಟಿ,
ಹತ್ತಾವ್ರು ಹತ್ರಿ ಸೀರಿ ಧೋತರ ಎತ್ತಿ ಕಟ್ಟಿ.
ಮನಿ ಮುಂದಿನ ಬಾವಿ ಬಿಟ್ಟು ಹೊಂಟಾನೊಬ್ಬ ಹಳ್ಳಕ್ಕ,
ಚಾಪಿ ಹಿಡಿದ ಮರಿಮೊಮ್ಮಗನ ಬುದ್ಧಿ ಬಿತ್ತು ಕೊಳ್ಳಕ್ಕ!"

ಬಸ್ಸಿನವರೆಲ್ಲ ತಿರುಗಿ ನನ್ನ ಚಾಪೆ ನೋಡಿದರು. ಮುಂದಿನ ಸೀಟಿನ ಹೆಂಗಸು "ಇಳೀಪಾ, ಇಳದು ಮಾತಾಡ್ಸಿ ಬಾ. ಮುದುಕಿ ಇನ್ನೊಂದು ಕಟ್ಟಿದ್ರ ನಮಗ ನಗೀ ತಡಿಯಾಕ ಆಗೂದಿಲ್ಲ" ಎಂದಳು. ಇಳಿದೆ. ನನ್ನ ಹಿಂದೆಯೇ ಬಸ್ಸು, ಜೀವಮಾನದಲ್ಲಿ ಮೊದಲ ಸಲ, ಸರಿಯಾದ ವೇಳೆಗೆ ಹೊರಟುಹೋಯಿತು.

ದೊಡ್ಡಾಯಿಯ ಗೂಡು ಎಂದರೆ ಒಂದು ಕುರ್ಚಿ, ಒಂದು ಮೈಕು, ಮೊಣಕಾಲಿಗೆ ಕಾವು ಕೊಡುವ ಒಂದು ಪೆಟ್ಟಿಗೆ. ಅವಳು ನನ್ನ ಕಡೆ ನೋಡಲಿಲ್ಲ.

"ಯಾಕ ಇಳದಿ?"

"ನೀನ ಇಳಿಸಿದೆಲ್ಲ. ಊರ ಮುಂದ ಮಾನ ತಗದಿ."

"ಮಾನ ಇದ್ದವ ಮನಿಯಾಗಿನ ಕುರ್ಚಿ ಬಿಟ್ಟು ಅಣ್ಣಿಗೇರಿಗೆ ಹೊಕ್ಕಾನೇನು?"

"ನಿನಗ ಬ್ಯಾಸರ ಆಕ್ಕೈತಿ ಅಂತ..."

"ಹಂಗ ಅಂತ ಅಂತನ ಇಪ್ಪತ್ತು ವರ್ಷ ಕಳದ್ರಿ." ದನಿಯಲ್ಲಿ ಈಗ ತಮಾಷೆಯಿರಲಿಲ್ಲ. "ಯಾರರ ಚಾಪಿ ತರ್ತಾರೇನು ಅಂತ ದಿನಾ ಬಾಗಲಾ ನೋಡೇನಿ. ಮನಿಯವರು ಕೇಳ್ತಾರ ಅಂತ ಊರವರು ಸುಮ್ಮಕುಂತ್ರು. ಮನಿಯವರು, ಮುದುಕಿ ನೊಂದೀತು ಅಂತ ಸುಮ್ಮಕುಂತ್ರಿ. ಕೇಳದ ಎದ್ರ ಈ ಮೈಕಿಗೆ ಬೀಗ ಬೀಳತೈತಿ. ಅದಕ್ಕ ಕುಂತೇನಿ. ನನ್ನ ಮೊಣಕಾಲಿಗೆ ಇದನ್ನೆಲ್ಲ ಹೆಂಗ ತಿಳಿಸಿ ಹೇಳ್ಲಿ?"

"ಎದ್ರ ನಿನಗ ಬ್ಯಾಸರ ಆಗೂದಿಲ್ಲೇನು?"

"ಆಗತೈತಿ. ನಂಗ ಬ್ಯಾಸರ ಆದ್ರ ನಾ ಅಳತೇನಿ, ಮುಗೀತು. ಬೀಗ ಬಿದ್ರ ಯಾರ ಅಳಬೇಕು?"

ನಾನು ಚಾಪೆ ಬಿಡಿಸಿ ಅವಳ ಕಾಲ ಬಳಿ ಹಾಸಿ ಕೂತೆ. "ದೊಡ್ಡಾಯಿ, ಈ ಕುರ್ಚಿ ನನಗ ಬೇಕು" ಎಂದೆ. ಇಷ್ಟು ಸಣ್ಣ ಮಾತನ್ನು ಆಡಲು ನಮ್ಮ ಮನೆಯ ಮೂರು ತಲೆಮಾರಿಗೆ ಧೈರ್ಯವಾಗಿರಲಿಲ್ಲ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಒಪ್ಪುವ ಮುಂಚೆ ಒಂದು ಪರೀಕ್ಷೆ ಮಾಡುವ ಹಕ್ಕು ಕೂತವರಿಗೆ ಇರುತ್ತದೆ. ಅವಳು ಅದನ್ನು ಬಿಡಲಿಲ್ಲ.

"ಮುಂಡರಗಿ ಗಾಡಿ ಇನ್ನೂ ಬಂದಿಲ್ಲ. ಮಂದಿ ಕಾಯಾಕತ್ತೈತಿ. ಕೂಗು."

ಮೈಕಿನ ಮುಂದೆ ಬಗ್ಗಿದೆ. ಗುಡ್ಡದ ಹಗ್ಗದಲ್ಲಿ ತೂಗುತ್ತ ಕಟ್ಟಿದ ಪ್ರಾಸಗಳೆಲ್ಲ ಸಾಲುಗಟ್ಟಿ ನಿಂತವು. "ಮುಂಡರಗಿ ಗಾಡಿ, ಮುಗಿಲಿನ ಮೋಡಿ, ಮನಸೊಂದು ಹಾಡಿ" ಎಂದು ಶುರುಮಾಡುತ್ತಿದ್ದಂತೆ ಅವಳು ಮೈಕಿಗೆ ಅಂಗೈ ಮುಚ್ಚಿದಳು.

"ಪ್ರಾಸ ಚೊಲೋ ಐತಿ. ಗಾಡಿ ಎಲ್ಲೈತಿ?"

"ಗೊತ್ತಿಲ್ಲ."

"ಅದನ್ನ ಹೇಳು. ಅಲ್ಲಿ ಒಬ್ಬಾಕಿ ಕೂಸು ಎತಗೊಂಡು ನಿಂತಾಳ. ಅಕಿಗೆ ನಿನ್ನ ಮುಗಿಲು ಯಾಕ ಬೇಕು?"

ನನ್ನ ಪ್ರಾಸವೆಲ್ಲ ಇಷ್ಟು ದಿನ ನನಗಾಗಿಯೇ ಇತ್ತು, ಅವಳದು ಕಾಯುವವರಿಗಾಗಿ. ಅದು ಆ ಕ್ಷಣದಲ್ಲಿ ನನಗೆ ಗೊತ್ತಾಯಿತು. ಅವಳು ಅಂಗೈ ತೆಗೆದಳು. ನಾನು ಪ್ರಾಸವಿಲ್ಲದೆ ಹೇಳಿದೆ: "ಮುಂಡರಗಿ ಗಾಡಿ ತಡಾ ಐತ್ರಿ. ಎಷ್ಟು ತಡಾ, ನನಗೂ ಗೊತ್ತಿಲ್ಲ. ಗೊತ್ತಾದ ಕೂಡಲೇ ಹೇಳತೇನಿ. ಅಲ್ಲೀತನಕ ಕುಂದರ್ರಿ." ಕೂಸು ಎತ್ತಿಕೊಂಡವಳು ಚೀಲ ಕೆಳಗಿಟ್ಟು ಕಟ್ಟೆಯ ಮೇಲೆ ಕೂತಳು. ಪಕ್ಕದವರು ಸರಿದು ಜಾಗ ಕೊಟ್ಟರು. ಯಾರೋ ಬುತ್ತಿ ಬಿಚ್ಚಿದರು. ದೊಡ್ಡಾಯಿ ನನ್ನ ತಲೆಯ ಮೇಲೊಂದು ಮೊಟಕಿ "ಹೂಂ, ಏಳತೇನಿ" ಎಂದಳು.

ಉದ್ಯೋಗಕ್ಕೆ ಕೂರುವ ಹಿಂದಿನ ದಿನ, ಉತ್ತರ ಬಾರದ ಒಂದು ಪತ್ರ ಬರೆಯುವುದು ನಮ್ಮ ಕಡೆಯ ರೂಢಿ. ಕೆಲವರು ಗುಡ್ಡಕ್ಕೆ ಬರೆಯುತ್ತಾರೆ, ಕೆಲವರು ಸತ್ತುಹೋದ ನಾಯಿಗೆ. ನಾನು ನಿಮಗೆ ಬರೆಯುತ್ತಿದ್ದೇನೆ. ಪಾಠದಲ್ಲಿ ನಿಮ್ಮ ಕಾಲದ ಚಿತ್ರವೊಂದನ್ನು ನೋಡಿದ್ದೆ. ತುಂಬಿದ ಬಸ್ಸಿನಲ್ಲಿ, ಚೀಲವನ್ನು ಎದೆಯ ಮೇಲೆ ಹಾಕಿಕೊಂಡು, ಕಂಬಿ ಹಿಡಿದು ನಿಂತಿದ್ದಿರಿ. ಇಪ್ಪತ್ತಕ್ಕೆಲ್ಲ ಮುಂದೇನು ಎಂದು ನಿಮ್ಮನ್ನು ಎಲ್ಲರೂ ಕೇಳುತ್ತಿದ್ದರಂತೆ, ನೀವು ಮಾತ್ರ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲವಂತೆ. ನೀವು ಕೂರಬೇಕೆಂದಿರುವ ಜಾಗದಲ್ಲಿ ಈಗ ಕೂತಿರುವವರನ್ನು ಒಮ್ಮೆ ಹೋಗಿ ಮಾತಾಡಿಸಿ. ಅವರು ಬೈದಾರು, ಇಲ್ಲವೆಂದಾರು. ಬಾಗಿಲನ್ನೇ ನೋಡುತ್ತ ಕೂತಿದ್ದಾರೆಂದೂ ಗೊತ್ತಾದೀತು.

ಆದರೆ ಈ ಪತ್ರದ ನಿಜವಾದ ಕಾರಣ ಬೇರೆಯೇ ಇದೆ. ನಾಳೆ ಮಾರ್ಚ್ ಒಂದು, ನಮ್ಮಲ್ಲಿ ಕಾಲೇಜು ಶುರುವಾಗುವ ದಿನ. ನಾನು ಮೈಕಿನ ಮುಂದೆ ಕೂರುವ ಹೊತ್ತಿಗೆ ದೊಡ್ಡಾಯಿ ಬಿ.ಎ. ಮೊದಲ ವರ್ಷದ ಕ್ಲಾಸಿನಲ್ಲಿ ಕೂರುತ್ತಾಳೆ. ಈ ಕಟ್ಟಳೆಗಳೆಲ್ಲ ಬರುವ ಮೊದಲು, ಚಿಕ್ಕಂದಿನಲ್ಲೇ ಕುರ್ಚಿ ಸಿಕ್ಕಿದ್ದರಿಂದ ಅವಳು ಕಾಲೇಜಿನ ಮೆಟ್ಟಿಲು ಹತ್ತಿದವಳಲ್ಲ. ಈಗ ಒಳಕೋಣೆಯಲ್ಲಿ ಚೀಲ ತುಂಬುತ್ತಿದ್ದಾಳೆ. ಪೆನ್ನು ಹಾಕುತ್ತಾಳೆ, ತೆಗೆಯುತ್ತಾಳೆ, ಇನ್ನೊಂದು ಹಾಕುತ್ತಾಳೆ. ಆಗಲೇ ನನ್ನನ್ನು ಕರೆದು, ಮೊದಲ ದಿನ ಹೊಟ್ಟೆಯಲ್ಲಿ ಒಂಥರಾ ಆಗುವುದು ಎಲ್ಲರಿಗೂ ಉಂಟೇ ಎಂದು ಕೇಳಿದಳು. ಎಲ್ಲರಿಗೂ ಉಂಟು ಎಂದೆ. "ನೀ ನನಗ ಸಮಾಧಾನ ಮಾಡಾಕ ಹೇಳತಿ. ನಿನ್ನ ಮಾತು ಬ್ಯಾಡ. ಹೆಂಗೂ ಪತ್ರ ಬರ್ಯಾಕತ್ತಿ, ಆ ಸಣ್ಣವರನ್ನ ಕೇಳು" ಎಂದಳು.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮ ಉತ್ತರ ಇಲ್ಲಿಗೆ ತಲುಪುವುದಿಲ್ಲವೆಂದು ನನಗೂ ಗೊತ್ತು, ಅವಳಿಗೂ ಗೊತ್ತು. ಆದರೂ ನಾಳೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಪಕ್ಕದವರಿಗೆ ಕೇಳಿಸಿದರೂ ಚಿಂತೆಯಿಲ್ಲ, 'ಹೌದ್ರೀ, ನನಗೂ ಹಂಗ ಆಗಿತ್ತು' ಎಂದು ಒಂದು ಸಲ ಗಟ್ಟಿಯಾಗಿ ಹೇಳಿಬಿಡಿ.

ನಿಮ್ಮವನೇ ಆದ,
ಗುರುಶಾಂತ