ಕಾಗದದ ಹುಡುಗನಿಗೆ ಸಂದ ಕಣ್ಣೀರು

೧೪ ಮಾರ್ಚ್, ಶನಿವಾರ

ನನ್ನನ್ನು ಕಂಡರೆ ನನಗೇ ಹೇಸಿಗೆ. ಆಟವೆಂದರೆ ಆಕಳಿಸುವ ನಾನು ಮಗಳ ವಾಲಿಬಾಲ್ ಪಂದ್ಯಕ್ಕೆ ಹೋಗಿ, ಅವಳದೇ ವಾಲಿಬಾಲ್ ಮಾಂಗಾವನ್ನು, ಅದೇ ಆ ಜಪಾನಿ ಚಿತ್ರಕಥೆಯನ್ನು, ಚೀಲದ ಮರೆಯಲ್ಲಿಟ್ಟುಕೊಂಡು ಓದುತ್ತಾ ಕುಳಿತೆ. ಅದರಲ್ಲಿ ಒಂದೇ ಚೆಂಡು ಮೂವತ್ತು ಪುಟ ಗಾಳಿಯಲ್ಲಿರುತ್ತದೆ. ಅಷ್ಟರೊಳಗೆ ಅದಕ್ಕಾಗಿ ಕಾದು ನಿಂತ ಕಥೆಯ ಹುಡುಗನ ಭಯವೆಲ್ಲ ನನ್ನದಾಗಿಬಿಡುತ್ತದೆ. ಕಣ್ಣೆದುರಿನ ಚೆಂಡಿಗೆ ಅಷ್ಟು ಪುರುಸೊತ್ತೆಲ್ಲಿ? ಕೊನೆಯ ಚೆಂಡನ್ನು ಮಗಳೇ ಕೈಬಿಟ್ಟಳಂತೆ, ಸೋತರಂತೆ. ನಾನು ತಲೆಯೆತ್ತಿದಾಗ ಎಲ್ಲ ಮುಗಿದಿತ್ತು. ನನ್ನ ಕೆನ್ನೆ ಒದ್ದೆಯಾಗಿದ್ದದ್ದು ಕಾಗದದ ಹುಡುಗನಿಗಾಗಿ.

ಮಗಳು ಬೆವರು ಮೈಯಲ್ಲೇ ಬಂದು ತಬ್ಬಿಕೊಂಡಳು. "ಅಮ್ಮಾ, ನನಗೋಸ್ಕರ ಅಳ್ತಿದ್ದೀಯಾ?"

"ಹೂಂ ಕಣೇ" ಅಂದುಬಿಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು.

ಮನೆಗೆ ಬಂದ ಮೇಲೂ ಪಕ್ಕದ ಕೋಣೆಯಲ್ಲಿ ಅವಳಿನ್ನೂ ಬಿಕ್ಕುತ್ತಿದ್ದಾಳೆ. ಎದ್ದು ಹೋಗಬೇಕು. ಅಧ್ಯಾಯ ಮುಗಿಯಲು ಇನ್ನು ನಾಲ್ಕೇ ಪುಟ, ಅದೊಂದು ಓದಿ...