ಎರಡು ಸಹಿಯ ಲಕೋಟೆ

ಥಂಡರ್ ಬೇ
ಏಪ್ರಿಲ್ 10, ಗುರುವಾರ

ಹೆಲ್ವಿ,

ಹೇಗಿದ್ದೀಯ ಎಂದು ಕೇಳುವ ಹಕ್ಕು ಇನ್ನೂ ಉಳಿದಿದೆಯೋ ಇಲ್ಲವೋ, ಕೇಳಿದೆ ಎಂದುಕೊ. ಎರಡು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ಕಾಗದ.

ರೋಸೆಲಿನ್ ನೆನಪಿದ್ದಾಳಲ್ಲ, ಆರು ವರ್ಷದ ಹಿಂದೆ ಮಗಳನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೊಡೆತ ತಿಂದ ಹೆಂಗಸರಿಗೆ ನೆರವಾಗುವ ನಮ್ಮ ಕಚೇರಿಗೆ ಬಂದವಳು. ಅವಳ ಕತ್ತಿನ ಮೇಲಿದ್ದ ಬೆರಳಿನ ಗುರುತುಗಳ ಫೋಟೋ ತೆಗೆದದ್ದು ನಾನು, ಹೇಳಿಕೆ ಬರೆದುಕೊಂಡದ್ದು ನೀನು. ಆ ಗಂಡ ಈಗ ಮಗಳು ತನಗೆ ಬೇಕೆಂದು ಕೋರ್ಟಿಗೆ ಹೋಗಿದ್ದಾನೆ. ತಾನು ಎಂದೂ ಕೈ ಎತ್ತಿದವನಲ್ಲ ಎನ್ನುತ್ತಾನೆ. ಮುಂದಿನ ಗುರುವಾರ ವಿಚಾರಣೆ. ಆ ಹೇಳಿಕೆ, ಆ ಫೋಟೋ ಬಿಟ್ಟರೆ ಅವಳ ಬಳಿ ಬೇರೇನೂ ಇಲ್ಲ.

ಅವು ಕಂಪ್ಯೂಟರಿನಲ್ಲೇ ಇವೆ. ತೆರೆಯಲು ನನಗೆ ಆಗುತ್ತಿಲ್ಲ.

ಫೆಬ್ರವರಿಯಲ್ಲಿ ಸರೋವರದ ಹಿಮದ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡೆ. ಆರು ವಾರ ಪ್ಲಾಸ್ಟರ್. ಬಿಚ್ಚಿಸಿಕೊಂಡು ಬಂದು ಕುಳಿತರೆ ಪಾಸ್‌ವರ್ಡ್ ಬರಲಿಲ್ಲ. ಮೂರು ವರ್ಷ ದಿನವೂ ಒತ್ತಿದ ಉದ್ದನೆಯ ವಾಕ್ಯ. ಅದು ಬೆರಳುಗಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಪ್ರತಿ ತಪ್ಪಿಗೂ ಕಡತಗಳಿಗೆ ಬೀಗ ಹಾಕುವ ತಂತ್ರಾಂಶ ಕಾಯಿಸುವ ಹೊತ್ತನ್ನು ಹೆಚ್ಚಿಸುತ್ತದೆ. ಈಗ ದಿನಕ್ಕೆ ಒಂದೇ ಪ್ರಯತ್ನ.

ನಿನಗೆ ಗೊತ್ತಿದ್ದ ಪಾಸ್‌ವರ್ಡ್ ಅಲ್ಲ. ನೀನು ಸಡ್‌ಬರಿಗೆ ಹೊರಟುಹೋದ ದಿನವೇ ಅದನ್ನು ಬದಲಿಸಿದ್ದೆ. ಕೇಳಿದವರಿಗೆ ಕಚೇರಿಯ ನಿಯಮ ಎಂದಿದ್ದೆ.

ಆ ತಂತ್ರಾಂಶದ ಕಂಪನಿಗೆ ಫೋನ್ ಮಾಡಿ, ನಿಮ್ಮ ಕಡೆಯಿಂದಲೇ ತೆರೆದುಕೊಡಿ ಎಂದು ಬೇಡಿಕೊಂಡೆ. ಆ ಹುಡುಗಿ ತಾಳ್ಮೆಯಿಂದಲೇ ಹೇಳಿದಳು: "ನಮ್ಮ ಹತ್ರ ಕೀಲಿ ಇದ್ದಿದ್ರೆ ನೀವು ಇದನ್ನ ಯಾಕೆ ಕೊಳ್ತಿದ್ರಿ, ಸರ್?" ಅವಳ ಮಾತು ಸರಿ. ಹಿಂದೊಮ್ಮೆ ಇನ್ನೊಬ್ಬಳ ಗಂಡ ಬಾಗಿಲು ಒಡೆದು ನಮ್ಮ ಹಳೆಯ ಕಂಪ್ಯೂಟರನ್ನೇ ಹೊತ್ತೊಯ್ದಿದ್ದನಲ್ಲ. ಅವನಿಗೆ ಸಿಕ್ಕಿದ್ದು ಅರ್ಥವಿಲ್ಲದ ಅಕ್ಷರಗಳ ರಾಶಿ. ಅವತ್ತು ನಾವಿಬ್ಬರೂ ಕೆಳಗಿನ ಹೋಟೆಲಿನಲ್ಲಿ ಪ್ಯಾನ್‌ಕೇಕ್ ತಿಂದು ನಕ್ಕಿದ್ದೆವು. ಈಗಿನದೂ ಅದೇ ಬೀಗ.

ಅವಳು ಇನ್ನೊಂದು ವಿಷಯ ಹೇಳಿದಳು. ಕಡತಗಳನ್ನು ಯಾರೂ ಓದಲಾಗದಂತೆ ಕಲಸಿಡುವ ನಿಜವಾದ ಕೀಲಿ ಒಳಗೊಂದು ಪೆಟ್ಟಿಗೆಯಲ್ಲಿರುತ್ತದಂತೆ. ಪಾಸ್‌ವರ್ಡ್ ತೆರೆಯುವುದು ಆ ಪೆಟ್ಟಿಗೆಯನ್ನು ಮಾತ್ರ. ಮೊದಲ ದಿನ ನಾವಿಬ್ಬರೂ ಒಂದೊಂದು ಪ್ರತಿ ಮುದ್ರಿಸಿಕೊಂಡ ತುರ್ತು ಕೀಲಿಯೂ ಅದನ್ನೇ ತೆರೆಯುತ್ತದೆ. ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಅದು ಸಾಯುವುದಿಲ್ಲ. ಅಂದರೆ ಈ ಮೂರು ವರ್ಷವೂ ನೀನು ಮನಸ್ಸು ಮಾಡಿದ್ದರೆ ಎಲ್ಲವನ್ನೂ ತೆರೆಯಬಹುದಿತ್ತು. ಕಚೇರಿಯ ಬಾಗಿಲ ಕೀಲಿಯೂ ನಿನ್ನ ಬಳಿಯೇ ಇದೆಯಲ್ಲ.

ನನ್ನ ಪ್ರತಿ ಎಲ್ಲಿ ಎಂದು ಕೇಳುತ್ತೀಯ. ಭದ್ರವಾಗಿರಲಿ ಎಂದು ಸ್ಕ್ಯಾನ್ ಮಾಡಿ ಅದೇ ಕಡತಗಳ ಜೊತೆ ಒಳಗಿಟ್ಟೆ, ಕಾಗದವನ್ನು ಚೂರು ಮಾಡಿದೆ. ಇದನ್ನು ರೋಸೆಲಿನ್‌ಗೆ ಹೇಳಬೇಕಾಯಿತು. ಅವಳು ದನಿ ಏರಿಸಲಿಲ್ಲ. "ಒಳ್ಳೇ ಕೆಲಸ ಅರ್ವೊ. ನನ್ನ ಗಂಡನಿಂದ ಕಾಪಾಡಿ ಅಂದ್ರೆ ನನ್ನಿಂದಾನೂ ಕಾಪಾಡಿಬಿಟ್ರಿ" ಎಂದಳು.

ನಿನ್ನ ಪ್ರತಿ ಕಂದು ಲಕೋಟೆಯಲ್ಲಿತ್ತು. ಅಂಟಿಸಿದ ಅಂಚಿನ ಮೇಲೆ ಅಡ್ಡಲಾಗಿ ಇಬ್ಬರೂ ಸಹಿ ಮಾಡಿದ್ದೆವು, ಇಬ್ಬರೂ ಒಪ್ಪಿದಾಗ ಮಾತ್ರ ಒಡೆಯಬೇಕೆಂದು. ನನ್ನ ಒಪ್ಪಿಗೆ ಇದೆ. ಇಟ್ಟುಕೊಂಡಿದ್ದರೆ ಕೊರಿಯರ್‌ನಲ್ಲಿ ಕಳಿಸು. ಫೋನಿನಲ್ಲಿ ಓದಿ ಹೇಳುವುದು ಬೇಡ. ಆ ನಿಯಮ ನೀನೇ ಮಾಡಿದ್ದು.

ಬೇರೆ ವಿಷಯಗಳನ್ನು ಬರೆಯುವಷ್ಟು ಶಕ್ತಿ ಇಲ್ಲ.

ಅರ್ವೊ

ಮತ್ತೆ ಸೇರಿಸಿದ್ದು, ಸೋಮವಾರ: ಈ ಕಾಗದ ನಾಲ್ಕು ದಿನ ನನ್ನ ಕೋಟಿನ ಜೇಬಿನಲ್ಲೇ ಇತ್ತು. ರೋಸೆಲಿನ್ ನನ್ನನ್ನು ನಂಬಿ ಕೂರದೆ ತಾನೇ ನಿನಗೆ ಫೋನ್ ಮಾಡಿದಳಂತೆ. ಇವತ್ತು ಬೆಳಿಗ್ಗೆ ಲಕೋಟೆ ಬಂತು. ಕಡತಗಳು ತೆರೆದುಕೊಂಡವು, ಹೇಳಿಕೆ, ಫೋಟೋ ವಕೀಲರ ಕೈ ಸೇರಿವೆ. ಆದರೂ ಇದನ್ನು ಅಂಚೆಗೆ ಹಾಕುತ್ತಿದ್ದೇನೆ, ಒಂದು ಮಾತಿಗಾಗಿ. ಅವಳು ಎದುರಿಗೆ ಕೋಟನ್ನೂ ಬಿಚ್ಚದೆ ಕಾಯುತ್ತ ಕುಳಿತಿದ್ದಾಗ ನಾನು ಮೊದಲು ಮಾಡಿದ್ದು, ಲಕೋಟೆಯ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದು. ಎರಡೂ ಸಹಿಗಳು ಹಾಗೇ ಇದ್ದವು, ಅಂಟು ಎಲ್ಲಿಯೂ ಬಿಟ್ಟಿರಲಿಲ್ಲ. ಏನು ನೋಡುತ್ತಿದ್ದೀರಿ ಎಂದು ಅವಳು ಕೇಳಿದಳು. ಕಚೇರಿಯ ನಿಯಮ ಎಂದೆ.